ಪ್ರಿಂಟರ್ ರಾಶಿಯನ್ನು ಒಡೆದದ್ದು

ಆ್ಯಪ್ ಬಿದ್ದಾಗ ಸುಮ್ಮನೆ ಬೀಳುವುದಿಲ್ಲ. ತಾನು ಎಲ್ಲಿ ನಡೆಯುತ್ತಿದ್ದೆ, ಯಾವ ಸಾಲಿನಿಂದ ಯಾವ ಸಾಲಿಗೆ ಹೋಗಿ ಎಲ್ಲಿ ಕಾಲು ಜಾರಿದೆ ಎಂದು ಒಂದು ವರದಿ ಬರೆದಿಟ್ಟೇ ಬೀಳುತ್ತದೆ. ಮತ್ತೆ ತೆರೆದಾಗ ಆ ವರದಿ ಗೋಕಾಕದ ನಮ್ಮ ಆಫೀಸಿಗೆ ಬಂದು ಮುಟ್ಟುತ್ತದೆ. ನಮ್ಮದು ಹಳ್ಳಿ ಡೇರಿಗಳ ಆ್ಯಪ್. ರೈತರು ಮುಂಜಾನೆ, ಸಂಜೆ ಹಾಲು ತಂದು ಹಾಕುತ್ತಾರೆ. ಒಂದು ಯಂತ್ರ ತೂಕ ಹೇಳುತ್ತದೆ, ಇನ್ನೊಂದು ಫ್ಯಾಟ್ ಹೇಳುತ್ತದೆ, ಆ್ಯಪ್ ಎರಡನ್ನೂ ಕೂಡಿಸಿ ಅಂಗೈಯಗಲದ ಪ್ರಿಂಟರಿನಿಂದ ಒಂದು ಚೀಟಿ ಹೊರಡಿಸುತ್ತದೆ. ಚೀಟಿ ಕೈಗೆ ಬಂದರೆ ರೈತ ಮನೆಗೆ ಹೋಗುತ್ತಾನೆ. ಬರದಿದ್ದರೆ ಅಲ್ಲಿಯೇ ನಿಲ್ಲುತ್ತಾನೆ, ಅವನ ಹಿಂದೆ ಇಡೀ ಪಾಳಿ ನಿಲ್ಲುತ್ತದೆ.

ಗೋಕಾಕದ ಸುತ್ತಮುತ್ತ ಮಾತ್ರ ಇದ್ದಾಗ ಈ ವರದಿಗಳನ್ನು ನಾನು ಮತ್ತು ವೈನಿ ಕೂತು ಕೈಯಿಂದಲೇ ರಾಶಿ ಹಾಕುತ್ತಿದ್ದೆವು. ವೈನಿ ಎಂದರೆ ನಮ್ಮಲ್ಲಿ ಡೇರಿಯವರ ಫೋನ್ ಎತ್ತುವವರು. ಹುಕ್ಕೇರಿಯಿಂದ ದಿನಾ ಬಸ್ಸಿಗೆ ಬರುತ್ತಾರೆ, ನನಗಿಂತ ಹಿರಿಯರು, ಇಡೀ ಆಫೀಸಿಗೆ ವೈನಿ, ಅಂದರೆ ಅತ್ತಿಗೆ. ಪ್ರೋಗ್ರಾಂ ಬರೆಯುವವಳು ನಾನು. ಹತ್ತು ಡೇರಿಯವರು ಹತ್ತು ವರದಿ ಕಳಿಸಿದರೂ ರೋಗ ಒಂದೇ ಇರಬಹುದು. ಆ ಹತ್ತನ್ನೂ ಒಂದು ರಾಶಿಗೆ ಹಾಕಿದರೆ ಔಷಧ ಒಂದೇ ಸಲ ಹುಡುಕಿದರೆ ಸಾಕು. ಆಮೇಲೆ ಆ್ಯಪ್ ಹುಕ್ಕೇರಿ ಕಡೆಗೂ ಮೂಡಲಗಿ ಕಡೆಗೂ ಹಬ್ಬಿತು. ಮುಂಜಾನೆ ಕಂಪ್ಯೂಟರ್ ತೆಗೆದರೆ ವರದಿಗಳು ಸುಗ್ಗಿಯಲ್ಲಿ ಕಾಳು ಬಂದು ಬಿದ್ದಂತೆ ಬಿದ್ದಿರುತ್ತಿದ್ದವು. ನಮ್ಮ ಮಾಲೀಕರು ಇದನ್ನು ನೋಡಿ, ಬೇರೆ ಮಾಡುವ ಕೆಲಸ ಯಂತ್ರವೇ ಮಾಡಲಿ, ನೀನು ರಿಪೇರಿ ನೋಡು ಎಂದರು. ಅವರನ್ನು ನಾವು ಸಾವಕಾರರು ಎನ್ನುತ್ತೇವೆ. ಕಾಳಿನ ವ್ಯಾಪಾರದ ಮನೆತನದವರು. ಕನ್ನಡದಲ್ಲಿ ಮಾತು ಶುರು ಮಾಡಿ ಸಿಟ್ಟು ಬಂದಾಗ ಮರಾಠಿಗೆ ಹೋಗುತ್ತಾರೆ.

ಕೆಲಸ ಸುಲಭ ಅಂದುಕೊಂಡೆ. ವರದಿಗೆ ವರದಿ ಹೋಲಿಸುವುದು, ಪೂರ್ತಿ ಒಂದೇ ಇದ್ದರೆ ಒಂದು ರಾಶಿ. ಹಾಗೆ ಪ್ರೋಗ್ರಾಂ ಬರೆದು ಓಡಿಸಿದೆ. ವರದಿಗಳೆಷ್ಟೋ ಹೆಚ್ಚುಕಡಿಮೆ ರಾಶಿಗಳೂ ಅಷ್ಟೇ ಆದವು. ವರದಿಯ ಸಾಲುಗಳಲ್ಲಿ ಅರ್ಧ ನಮ್ಮ ಆ್ಯಪಿನವು, ಅರ್ಧ ಫೋನಿನ ಒಳಗಿನವು. ಫೋನಿನ ಕಂಪನಿ ಬದಲಾದರೆ ಆ ಸಾಲುಗಳೂ ಬದಲಾಗುತ್ತವೆ. ನಾವು ಹೊಸ ಆವೃತ್ತಿ ಬಿಟ್ಟಾಗ ನಮ್ಮ ಸಾಲುಗಳ ನಂಬರುಗಳೂ ಹಿಂದೆ ಮುಂದೆ ಆಗುತ್ತವೆ. ಒಂದೇ ನೆಗಡಿಗೆ ನನ್ನ ಯಂತ್ರ ಮನೆಗೊಂದು ಹೆಸರು ಇಟ್ಟು ಕೂತಿತ್ತು.

ಹಾಗಾದರೆ ಮೇಲಿನ ಒಂದೇ ಸಾಲು, ಅಂದರೆ ಬಿದ್ದ ಜಾಗ ಮಾತ್ರ ನೋಡೋಣ ಎಂದು ತಿದ್ದಿದೆ. ಈಗ ಎಲ್ಲವೂ ಹೋಗಿ ಎರಡು ಮೂರು ಗುಡ್ಡಗಳಾದವು. ಯಾರದೇ ತಪ್ಪಿದ್ದರೂ ಬೀಳುವುದು ಬಹಳ ಸಲ ಫೋನಿನ ಒಳಗಿನ ಅದದೇ ಜಾಗದಲ್ಲಿ. ಬಸ್ ಸ್ಟ್ಯಾಂಡಿನಲ್ಲಿ ಎಡವಿ ಬಿದ್ದವರೆಲ್ಲ ಒಂದೇ ಊರಿನವರು ಎಂದಂತಾಯಿತು. ವೈನಿ ನೋಡಿ ನಕ್ಕು, ಯಂತ್ರ ಮಾಡುವುದು ಇಷ್ಟೇ ಆಗಿದ್ದರೆ ಇಷ್ಟೇ ಬೇಗ ನಾನೂ ಮಾಡುತ್ತಿದ್ದೆ, ಎಲ್ಲ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತಿದ್ದೆ ಎಂದರು. ನನಗೆ ರೇಗಿತು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಹುಟ್ಟಿದವಳು ನಾನು ಎಂದು ಮನೆಯವರೂ ಹೇಳುತ್ತಾರೆ.

ಮೂರನೆಯ ಸಲ ಕೂತು ಸಮಾಧಾನದಿಂದ ಮಾಡಿದೆ. ಫೋನಿನ ಸಾಲುಗಳನ್ನು ತೆಗೆದುಹಾಕಿದೆ. ನಮ್ಮ ಸಾಲುಗಳ ನಂಬರ್ ಅಳಿಸಿ ಕೆಲಸದ ಹೆಸರು ಮಾತ್ರ ಉಳಿಸಿದೆ: 'ಹಾಲು ಸೇರಿಸು', 'ದರ ಹುಡುಕು', 'ಚೀಟಿ ಮುದ್ರಿಸು'. ಮೇಲಿನ ಕೆಲವು ಹೆಸರುಗಳು ಅದೇ ಕ್ರಮದಲ್ಲಿದ್ದರೆ ಒಂದು ರಾಶಿ. ಪರೀಕ್ಷೆಗೆ ನಾವಿಬ್ಬರೂ ಮೊದಲು ಕೈಯಿಂದ ಹಾಕಿದ್ದ ಹಳೆಯ ರಾಶಿಗಳನ್ನೇ ಇಟ್ಟುಕೊಂಡೆ. ಬಹುತೇಕ ಎಲ್ಲವೂ ಹೊಂದಿದವು. ವೈನಿ 'ತಿಳಿಯಲಿಲ್ಲ' ಎಂದು ಬಾಜೂ ಇಟ್ಟಿದ್ದ ಕೆಲವನ್ನು ಕೂಡ ಯಂತ್ರ ಒಯ್ದು ಪ್ರಿಂಟರ್ ರಾಶಿಗೆ ಸೇರಿಸಿತು. ನಮಗೆ ತಿಳಿಯದ್ದು ಅದಕ್ಕೆ ತಿಳಿಯಿತು ಎಂದು ಹಿಗ್ಗಿದೆ. ಸಾವಕಾರರು ಕರದಂಟು ತರಿಸಿದರು. ಗೋಕಾಕದವರಿಗೆ ಕರದಂಟು ಕೊಟ್ಟರೆ ಅದು ಬಹುಮಾನ ಅಲ್ಲ, ಆದರೂ ತಿಂದೆವು. ರಾಶಿಗಳು ಎಷ್ಟು ಕಡಿಮೆಯಾದವು ಎಂದು ಅವರು ಬಂದವರಿಗೆಲ್ಲ ತೋರಿಸತೊಡಗಿದರು.

ಎಲ್ಲಕ್ಕಿಂತ ದೊಡ್ಡದು ಪ್ರಿಂಟರ್ ರಾಶಿ. ಅದಕ್ಕೆ ಕಾರಣಗಳೂ ಗೊತ್ತಿದ್ದವೇ: ಪ್ರಿಂಟರ್ ಚಾರ್ಜ್ ಮುಗಿದಿರುತ್ತದೆ, ಬ್ಲೂಟೂತ್ ಆಫ್ ಆಗಿರುತ್ತದೆ, ಇಲ್ಲವೇ ಕಾಗದ ಸಿಕ್ಕಿಬಿದ್ದಿರುತ್ತದೆ. ಔಷಧವೂ ಸಿದ್ಧ ಇತ್ತು. ಪ್ರಿಂಟರ್ ಬಂದ್ ಮಾಡಿ ಚಾಲೂ ಮಾಡಬೇಕು, ಆಗದಿದ್ದರೆ ಆ್ಯಪ್ ತೆಗೆದುಹಾಕಿ ಮತ್ತೆ ಹಾಕಿಕೊಳ್ಳಬೇಕು. ಆ ರಾಶಿಯ ವರದಿ ಬಂದ ಡೇರಿಗೆ ವೈನಿ ಇದನ್ನೇ ಹೇಳುತ್ತಿದ್ದರು.

ತುಕ್ಕಾನಟ್ಟಿಯ ಒಂದು ಡೇರಿಯಿಂದ ಫೋನ್ ಬರತೊಡಗಿದ್ದು ಆಗ. ಆ ಡೇರಿ ನಡೆಸುತ್ತಿದ್ದವರು ಒಬ್ಬ ಹೆಣ್ಣುಮಗಳು. ಮೊದಲಿನವರು ಬಿಟ್ಟ ಮೇಲೆ ಊರಿನ ಹಾಲಿನ ಸೊಸೈಟಿ ಇವರ ಕೈಗೆ ಕೊಟ್ಟಿತ್ತು. ಆ ಓಣಿಯಲ್ಲಿ ಡೇರಿ ಹೆಂಗಸಿನ ಕೈಗೆ ಬಂದದ್ದು ಅದೇ ಮೊದಲಂತೆ. ಒಂದು ದಿನ ಮುಂಜಾನೆ ಫೋನ್ ಮಾಡಿ, ಆ್ಯಪ್ ತೆರೆದರೆ ತಾನೇ ಮುಚ್ಚಿಕೊಳ್ಳುತ್ತಿದೆ, ಮಂದಿ ಹಾಲಿನ ಕಿಟ್ಲಿ ಹಿಡಿದು ನಿಂತಿದ್ದಾರೆ ಎಂದರು. ವೈನಿ ಪ್ರಿಂಟರಿನ ಮಂತ್ರ ಹೇಳಿದರು. ಅವರು ಮಾಡಿದರು, ಆಗಲಿಲ್ಲ. ಆ್ಯಪ್ ತೆಗೆದು ಮತ್ತೆ ಹಾಕಿಸಿದರು. ನೆಟ್‌ವರ್ಕ್ ಸಿಕ್ಕಿ ಅದು ಇಳಿಯುವಷ್ಟರಲ್ಲಿ ಹಾಲಿನ ಗಾಡಿ ಬಂದು ಹೋಗಿತ್ತು. ಪಾಳಿಯಲ್ಲಿದ್ದವರು ಹಾಲು ಮನೆಗೆ ಹೊತ್ತುಕೊಂಡು ಹೋದರು. ಹೋಗುವಾಗ ಆಡಬಾರದ್ದನ್ನು ಆಡಿಯೇ ಹೋದರು.

ನಡುವೆ ಕೆಲವು ವಾರ ಸರಿಯಾಗಿ ನಡೆದು ಇದು ಮತ್ತೊಮ್ಮೆ ಆಯಿತು, ಮಗುದೊಮ್ಮೆ ಆಯಿತು. ಆಗ ಸೊಸೈಟಿಯ ಸೆಕ್ರೆಟರಿ ಫೋನ್ ಮಾಡಿದರು. ಕೆಟ್ಟ ಮನುಷ್ಯನಲ್ಲ, ಮೆತ್ತಗೆ ಮಾತಾಡಿದರು.

"ನಮಗೇನ್ ಅವ್ರ ಮ್ಯಾಲ ಸಿಟ್ಟಿಲ್ರಿ. ಬಾಜೂ ಡೇರ್‍ಯಾಗ ಇದ ಆ್ಯಪ್ ನಡೀತೈತಿ, ಇಲ್ಲೆ ಅಷ್ಟ ನಡ್ಯಾಂಗಿಲ್ಲ. ಅವ್ರಿಗೆ ಫೋನ್ ನಡಸಾಕ ಬರಂಗಿಲ್ಲ ಅಂತ ಮಂದಿ ಅನ್ನಾಕತ್ತಾರ. ಮುಂದಿನ ಮೀಟಿಂಗ್‌ನ್ಯಾಗ ಡೇರಿ ಬ್ಯಾರೇದವರಿಗೆ ಕೊಡೂ ವಿಚಾರ ಐತ್ರಿ."

ಫೋನಿಟ್ಟು ವೈನಿ ನನ್ನ ಮೇಜಿಗೆ ಬಂದರು. ಇದು ಪ್ರಿಂಟರಿನದಲ್ಲ ಎಂದರು. ಯಂತ್ರ ಪ್ರಿಂಟರ್ ರಾಶಿಗೇ ಹಾಕಿದೆಯಲ್ಲ ಎಂದು ನಾನು ಸ್ಕ್ರೀನ್ ತೋರಿಸಿದೆ. ನನಗೂ ಕಾರಣವಿತ್ತು. ಹಿಂದೊಮ್ಮೆ ಕುಲಗೋಡದ ಡೇರಿಯ ಬಗ್ಗೆಯೂ ವೈನಿ ಹೀಗೇ ಹಟ ಹಿಡಿದಿದ್ದರು. ಹೋಗಿ ನೋಡಿದರೆ ಕಾಗದದ ಸುರುಳಿ ಉಲ್ಟಾ ಹಾಕಿ ಖಾಲಿ ಚೀಟಿ ಬರುತ್ತಿತ್ತು. ಅದನ್ನು ಎತ್ತಿ ಆಡಿದೆ. ವೈನಿ ಬೇಜಾರು ಮಾಡಿಕೊಳ್ಳಲಿಲ್ಲ.

"ಅದು ನಂದ ತಪ್ಪ, ಖರೆ. ಆದ್ರ ಪ್ರಿಂಟರ್ ಕೆಟ್ಟರ ಮಂದಿ ಪ್ರಿಂಟರಿಗೆ ಬೈತಾರ, ತಂಗಿ. ಇವ್ರು ಒಮ್ಮೆನೂ ಪ್ರಿಂಟರ್ ಹೆಸರ ತಗೊಂಡಿಲ್ಲ. ನಾ ಹೇಳೀನಂತ ಬಂದ್ ಮಾಡಿ ಚಾಲೂ ಮಾಡಾಕತ್ತಾರ."

ಮರುದಿನ ಇಬ್ಬರೂ ಬಸ್ಸು ಹಿಡಿದು ತುಕ್ಕಾನಟ್ಟಿಗೆ ಹೋದೆವು. ಮನೆಯ ಮುಂದಿನ ಪಡಸಾಲೆಯಲ್ಲೇ ಡೇರಿ. ನೆಲ ಒರೆಸಿ ಹೊಳೆಯುತ್ತಿತ್ತು, ಪ್ರಿಂಟರಿಗೆ ಧೂಳು ಕೂಡಬಾರದೆಂದು ಕೈಯಲ್ಲಿ ಹೊಲಿದ ಗವಸು. ಸಂಜೆಯ ಪಾಳಿ ಪೂರ್ತಿ ಕೂತು ನೋಡಿದೆವು. ಡೇರಿ ನಡೆಸುವ ಅಕ್ಕನವರ ಬೆರಳು ನನ್ನ ಬೆರಳಿಗಿಂತ ಚುರುಕು. ಹೆಸರು ಒತ್ತುವುದು, ತೂಕ, ಫ್ಯಾಟ್, ಚೀಟಿ, ಮುಂದಿನವರು. ಒಮ್ಮೆಯೂ ಆ್ಯಪ್ ಬೀಳಲಿಲ್ಲ. ಡಾಕ್ಟರ ಮುಂದೆ ಹೋದ ಕೂಡಲೇ ಹಲ್ಲುನೋವು ನಿಂತ ಹಾಗೆ. ನಾನು ಏನೇನೋ ಒತ್ತಿ ಬೀಳಿಸಲು ನೋಡಿದೆ, ಅದು ಕಲ್ಲಿನಂತೆ ನಿಂತಿತು. ಚಹಾ ಕೊಡುವಾಗ ಅಕ್ಕನವರು ಮೀಟಿಂಗಿನ ಮಾತು ತೆಗೆದರು. ಡೇರಿ ಹೋದರೆ ಹೋಗಲಿ, ಆದರೆ ಫೋನ್ ನಡೆಸಲು ಬರಲಿಲ್ಲ ಅಂತ ಅನ್ನಿಸಿಕೊಂಡು ಬಿಡುವುದು ಆಗುವುದಿಲ್ಲ ಎಂದರು. ನಾನು ಚಹಾ ಕುಡಿದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ವೈನಿ ಒಂದೂ ಮಾತಾಡಲಿಲ್ಲ. ಅವರು ಏನಾದರೂ ಅಂದಿದ್ದರೆ ನಾನು ಜಗಳಕ್ಕೆ ಬಿದ್ದು ಹಗುರಾಗುತ್ತಿದ್ದೆ. ಸುಮ್ಮನಿದ್ದದ್ದಕ್ಕೆ ಯೋಚಿಸಬೇಕಾಯಿತು. ಎರಡು ಬೇರೆ ಬೇರೆ ರಾಶಿಗಳು ನಿಜಕ್ಕೂ ಒಂದೇ ಆಗಿದ್ದರೆ ಏನು ನಷ್ಟ? ನಾನು ಒಂದೇ ರೋಗಕ್ಕೆ ಎರಡು ಸಲ ಕೂರಬೇಕು, ಅಷ್ಟೇ. ಆದರೆ ಬೇರೆ ಬೇರೆ ಇದ್ದದ್ದನ್ನು ಒಂದೇ ಎಂದು ಸೇರಿಸಿಬಿಟ್ಟರೆ? ದೊಡ್ಡ ರಾಶಿಯ ಬುಡದಲ್ಲಿ ಒಬ್ಬರ ಕಷ್ಟ ಹೂತುಹೋಗುತ್ತದೆ, ಮತ್ತು ಅದು ಇದೆ ಅನ್ನುವುದೇ ನಮಗೆ ಗೊತ್ತಾಗುವುದಿಲ್ಲ. ಮೊದಲಿನ ತಪ್ಪಿನ ಭಾರ ನನ್ನ ಮೇಲೆ, ಎರಡನೆಯದರ ಭಾರ ತುಕ್ಕಾನಟ್ಟಿಯ ಪಡಸಾಲೆಯ ಮೇಲೆ. ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ಪ್ರಿಂಟರ್ ರಾಶಿಯನ್ನು ಒಡೆಯುವುದೆಂದು ನಿರ್ಧಾರ ಮಾಡಿದ್ದೆ.

ಸಾವಕಾರರಿಗೆ ಹೇಳಲು ಹೆದರಿಕೆಯಿತ್ತು. ಒಡೆದರೆ ಅವರು ಎಲ್ಲರಿಗೂ ತೋರಿಸುತ್ತಿದ್ದ ಕಡಿಮೆ ರಾಶಿಗಳು ಮತ್ತೆ ಹೆಚ್ಚಾಗುತ್ತವೆ. ಹುಕ್ಕೇರಿ ಕಡೆಯವರು ಕೇಳಿದ್ದ ಹೊಸ ಕೆಲಸ ಹಿಂದೆ ಬೀಳುತ್ತದೆ.

"ನೀ ಮಾಡಿದ್ದನ್ನ ನೀನ ಕೆಡಸ್ತಿ?" ಎಂದರು.

ಹೌದೆಂದೆ. 

"ಕೆಡಸು. ಹುಕ್ಕೇರಿಯವ್ರಿಗೆ ನಾ ಹೇಳ್ತೀನಿ."

ಮರಾಠಿಗೆ ಹೋಗಲಿಲ್ಲ, ಆಶ್ಚರ್ಯ. ನನ್ನ ಸಂಬಳದ ಯಾವ ಏರಿಕೆಗಿಂತಲೂ ಆ ಒಂದು ಮಾತಿಗೆ ನಾನು ಅವರಿಗೆ ಋಣಿ.

ರಾಶಿಯ ಒಂದೊಂದೇ ವರದಿ ತೆಗೆದು ತುದಿಯಿಂದ ಬುಡದವರೆಗೂ ಓದಿದೆ. ನಮ್ಮ ಆ್ಯಪಿನಲ್ಲಿ ಚೀಟಿ ಮುದ್ರಿಸುವ ಭಾಗಕ್ಕೆ ಒಂದು ವಿಚಿತ್ರ ಗುಣ ಇತ್ತು. ಒಳಗೆ ಯಾವ ತಪ್ಪು ನಡೆದರೂ ಅದು ಹೊರಗೆ 'ಮುದ್ರಣ ಆಗಲಿಲ್ಲ' ಎಂದು ಒಂದೇ ಮಾತು ಹೇಳುತ್ತಿತ್ತು. ನಿಜವಾದ ಕಾರಣ ವರದಿಯ ಬುಡದಲ್ಲಿ 'ಮೂಲ' ಎಂದು ಬೇರೆಯಾಗಿ ಇರುತ್ತಿತ್ತು. ನನ್ನ ಯಂತ್ರ ಮೇಲಿನ ಕೆಲವು ಹೆಸರು ಓದಿ ನಿಲ್ಲುತ್ತಿದ್ದರಿಂದ ಬುಡದವರೆಗೆ ಹೋಗುತ್ತಲೇ ಇರಲಿಲ್ಲ. ಬೆಳ್ಳಗಿದ್ದದ್ದೆಲ್ಲ ಹಾಲು ಎಂದು ಡೇರಿಯವರೂ ನಂಬುವುದಿಲ್ಲ, ನಾನು ನಂಬಿದ್ದೆ. ಯಂತ್ರಕ್ಕೆ ಮೊದಲು ಬುಡದ ಮೂಲ ಓದು, ಆಮೇಲೆ ಮೇಲಿನ ಹೆಸರು ನೋಡು ಎಂದು ತಿದ್ದಿ ಓಡಿಸಿದೆ. ಪ್ರಿಂಟರ್ ರಾಶಿ ಹಲವು ಹೋಳಾಯಿತು. ಬಹಳಷ್ಟು ನಿಜಕ್ಕೂ ಪ್ರಿಂಟರಿನವೇ. ಒಂದು ಸಣ್ಣ ಹೋಳು ಮಾತ್ರ ಬೇರೆ. ಅದರಲ್ಲಿನ ವರದಿಗಳೆಲ್ಲ ಒಂದೇ ಫೋನಿನವು, ತುಕ್ಕಾನಟ್ಟಿಯ ಅಕ್ಕನವರದು. ಮೂಲ ಕಾರಣ: ಸೊನ್ನೆಯಿಂದ ಭಾಗಿಸಲು ಹೋದದ್ದು.

ಸೊನ್ನೆ ಎಲ್ಲಿಂದ ಬರುತ್ತದೆ? ರೈತರ ಚೀಟಿಯಲ್ಲದೆ ಡೇರಿಗೂ ಹೊತ್ತಿಗೊಂದು ಚೀಟಿ ಇದೆ, ಅದಕ್ಕೆ ಆ ಹೊತ್ತಿನ ಒಟ್ಟು ಫ್ಯಾಟನ್ನು ಒಟ್ಟು ಹಾಲಿನಿಂದ ಭಾಗಿಸಿ ಸರಾಸರಿ ತೆಗೆಯುತ್ತೇವೆ. ಹಾಲೇ ಇಲ್ಲದೆ ಯಾರಾದರೂ ಡೇರಿಯ ಚೀಟಿ ಹೊಡೆಯುತ್ತಾರೆಯೇ? ತಾರೀಖು ನೋಡಿದೆ. ಸುಮಾರು ತಿಂಗಳಿಗೊಮ್ಮೆ ಬಿದ್ದಿತ್ತು, ಆದರೆ ತಾರೀಖು ಪ್ರತಿ ಸಲ ಒಂದಿಷ್ಟು ಹಿಂದಕ್ಕೆ ಸರಿಯುತ್ತಿತ್ತು. ಪಗಾರದ ದಿನ ಅಲ್ಲ, ಸಂತೆಯ ವಾರವೂ ಅಲ್ಲ. ತಲೆ ಕೆರೆದುಕೊಂಡು ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವುತ್ತ ತಾರೀಖು ಹುಡುಕಿದೆ. ಪ್ರತಿ ಸಲವೂ ಮೊದಲ ವರದಿಯ ದಿನದ ಮನೆಯಲ್ಲಿ ಒಂದು ಕರಿ ಚುಕ್ಕೆ. ಅಮಾವಾಸ್ಯೆ.

ವೈನಿ ಫೋನ್ ಹಚ್ಚಿ ಅಮಾಸಿ ದಿನ ಡೇರಿಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರು. ಏನೂ ಇಲ್ರಿ ಎಂದು ಅಕ್ಕನವರು ಜಾರಿಕೊಂಡರು. ತಪ್ಪು ಹುಡುಕಲು ಕೇಳುತ್ತಿದ್ದೇವೆ ಎಂದು ಅಂಜಿದರೋ ಏನೋ. ವೈನಿ ತಮ್ಮ ಮನೆಯ ಅಮಾಸಿ ಪೂಜೆಯ ಮಾತು ತೆಗೆದು, ಹೋಳಿಗೆಗೆ ಬೆಲ್ಲ ಎಷ್ಟು ಹಾಕುತ್ತೇವೆ ಎಂಬಲ್ಲಿಯವರೆಗೂ ಹೋದರು. ಆಮೇಲೆ ಅಕ್ಕನವರು ಬಾಯಿ ಬಿಟ್ಟರು.

"ಅಮಾಸಿ ಸಂಜಿಕ ನಮ್ಮ ಓಣ್ಯಾಗ ಹಾಲ ಮಾರಾಂಗಿಲ್ರಿ, ಮಠಕ್ಕ ಕೊಡ್ತೇವಿ. ಡೇರಿಗೆ ಯಾರೂ ಬರಂಗಿಲ್ಲ. ನಾ ಮಷೀನ ಎಲ್ಲಾ ತೊಳದು, ಕಾಯಿ ಒಡದು, ಪೂಜಿ ಮಾಡ್ತೀನ್ರಿ. ಯಾಪ್ ತಗದು ಒಂದ ಚೀಟಿ ಹೊಡದು ದೇವರ ಮುಂದ ಇಡಬೇಕಂತ ಹಚ್ತೀನಿ. ಅದು ಬರಂಗಿಲ್ಲ. ಹಾಲಿಲ್ಲದ್ದಕ್ಕ ಬರವಲ್ದು ಅಂತ ಬಿಟ್ಟ ಬಿಡ್ತೀನ್ರಿ. ತಪ್ಪಾತೇನ್ರಿ?"

ನಮ್ಮ ಕಡೆ ಎಲ್ಲ ಊರಲ್ಲೂ ಅಮಾವಾಸ್ಯೆಗೆ ತಕ್ಕಡಿಗೂ ಗಾಡಿಗೂ ಪೂಜೆ ಮಾಡುತ್ತಾರೆ. ಪ್ರಿಂಟರ್ ಕೂಡ ದುಡಿಯುವ ಮಷೀನೇ. ಅದು ತನ್ನ ಕೆಲಸ ಮಾಡಿ ತೋರಿಸಿದ ಒಂದು ಚೀಟಿ ದೇವರ ಮುಂದೆ ಇರಲಿ ಎಂದು ಅವರಿಗೆ ಅನ್ನಿಸಿತ್ತು. ನನ್ನ ಮೇಜಿನ ಮೇಲಿದ್ದ ಫೋನಿನಲ್ಲಿ ನಾನೂ ಹಾಗೇ ಮಾಡಿದೆ: ಸಂಜೆಯ ಹೊತ್ತು ತೆರೆದೆ, ಹಾಲು ಹಾಕಲಿಲ್ಲ, ಚೀಟಿ ಒತ್ತಿದೆ. ಆ್ಯಪ್ ಬಿತ್ತು. ಮತ್ತೆ ತೆರೆದೆ. ಅರ್ಧಕ್ಕೆ ನಿಂತ ಚೀಟಿಯನ್ನು ಅದು ಮೊದಲು ಮುಗಿಸಲು ಹೋಯಿತು, ಮತ್ತೆ ಸೊನ್ನೆಗೆ ಎಡವಿತು, ಮತ್ತೆ ಬಿತ್ತು. ಮರುದಿನ ಮುಂಜಾನೆ ಪಾಳಿಯ ಮುಂದೆ ಅಕ್ಕನವರ ಕೈಯಲ್ಲಿ ನಡೆಯುತ್ತಿದ್ದದ್ದು ಇದೇ. ಆ್ಯಪ್ ತೆಗೆದು ಮತ್ತೆ ಹಾಕಿದರೆ ಅರ್ಧ ನಿಂತ ಚೀಟಿ ಅಳಿಸಿಹೋಗುತ್ತಿತ್ತು, ಮುಂದಿನ ಅಮಾವಾಸ್ಯೆಯವರೆಗೆ ಎಲ್ಲ ಸುಸೂತ್ರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಇಷ್ಟು ದಿನ ನಾವು ಪ್ರಿಂಟರಿಗೆ ಬರೆ ಎಳೆಸಿದ್ದೆವು. ನಾನು ಆ ಫೋನನ್ನು ಮತ್ತೆ ಮತ್ತೆ ಬೀಳಿಸಿ ನಕ್ಕೆ, ವೈನಿ ಕಣ್ಣೊರೆಸಿಕೊಂಡು ನಕ್ಕರು.

ರಿಪೇರಿ ನಾಲ್ಕು ಸಾಲಿನದು. ಆದರೆ ಹಾಲಿಲ್ಲದ ಹೊತ್ತಿಗೆ ಆ್ಯಪ್ ಏನು ಮಾಡಬೇಕು ಅನ್ನುವುದು ಉಳಿದಿತ್ತು. ಚೀಟಿಯ ಗುಂಡಿಯನ್ನೇ ಮುಚ್ಚಿಬಿಡು, ಹಾಲಿಲ್ಲದ ಮೇಲೆ ಚೀಟಿ ಯಾಕೆ ಎಂದರು ಸಾವಕಾರರು. ಲೆಕ್ಕದ ಮಾತು, ತಪ್ಪಲ್ಲ. ನಾನು ಅವರ ಕಾಳಿನ ಅಂಗಡಿಯ ನೆನಪು ಮಾಡಿಕೊಟ್ಟೆ. ಬೋಣಿಯಾಗದಿದ್ದರೂ ಮುಂಜಾನೆ ತಕ್ಕಡಿಗೆ ಕೈಮುಗಿದೇ ಅವರು ಗಾದಿಗೆ ಕೂರುವುದು. ಅವರು ನಕ್ಕು ಆ ಮಾತು ಕೈಬಿಟ್ಟರು. ಆ್ಯಪ್ ಈಗ ಹಾಲು ಸೊನ್ನೆ, ಸರಾಸರಿ ಇಲ್ಲ ಎಂದು ಚೀಟಿ ಹೊಡೆಯುತ್ತದೆ.

ರಾಶಿ ಹಾಕುವ ಯಂತ್ರಕ್ಕೂ ಹೊಸ ನಿಯಮ ಬರೆದೆ. ಅನುಮಾನ ಇದ್ದರೆ ಸೇರಿಸಬೇಡ, ಬೇರೆ ಇಡು. ಪ್ರತಿ ರಾಶಿಯ ಮೇಲೆ ಯಾವ ಯಾವ ಡೇರಿಯವು ಎಂದು ಬರೆ. ವರದಿ ಎಷ್ಟು ಬಂದವು ಅನ್ನುವುದಕ್ಕಿಂತ ಯಾರ ಕೆಲಸ ನಿಂತಿದೆ ಅನ್ನುವುದನ್ನು ಮೇಲೆ ತೋರಿಸು. ಕೊನೆಗೆ ವೈನಿಯ ಸ್ಕ್ರೀನಿಗೆ ಒಂದು ಗುಂಡಿ ಕೊಟ್ಟೆ. ಒತ್ತಿದರೆ ಅವರಿಗೆ ಒಪ್ಪಿಗೆಯಾಗದ ವರದಿ ರಾಶಿಯಿಂದ ಹೊರಬಂದು ನನ್ನ ಮುಂದೆ ಬೀಳುತ್ತದೆ. ಅವರು ಹೊರಗೆ ತೆಗೆದದ್ದು ಒಮ್ಮೊಮ್ಮೆ ಕಾಗದ ಉಲ್ಟಾ ಹಾಕಿದ್ದೇ ಇರುತ್ತದೆ. ಇರಲಿ, ನೋಡುತ್ತೇನೆ. ಹಟ ಹಿಡಿಯುವವರೊಬ್ಬರು ಬಾಜೂ ಮೇಜಿನಲ್ಲಿ ಕೂತಿರುವುದು ನನ್ನ ಭಾಗ್ಯ, ಇದನ್ನು ಅವರಿಗೂ ಹೇಳಿದ್ದೇನೆ.

ಮುಂದಿನ ಅಮಾವಾಸ್ಯೆ ಬಂದದ್ದು ಸೊಸೈಟಿಯ ಮೀಟಿಂಗಿಗೆ ಮುಂಚೆ. ಹೊಸ ಆವೃತ್ತಿಯನ್ನು ವೈನಿ ಫೋನಿನಲ್ಲೇ ಕೂತು ಹಾಕಿಸಿದ್ದರು. ಸಂಜೆ ಅಕ್ಕನವರು ಕರೆ ಮಾಡಿ ಚೀಟಿ ಬಂತು, ದೇವರ ಮುಂದೆ ಇಟ್ಟೆ ಎಂದರು. ಎದೆ ಹಗುರಾಯಿತು, ಆದರೆ ನಿಜವಾದ ಪರೀಕ್ಷೆ ಮುಂಜಾನೆಯದು. ತಪ್ಪು ನಮ್ಮದೆಂದು ಮೀಟಿಂಗಿಗೆ ಬಂದು ನಾನೇ ಹೇಳುತ್ತೇನೆ ಎಂದೆ.

"ಮೀಟಿಂಗ್‌ನ್ಯಾಗ ಬ್ಯಾಡ್ರಿ ಮೇಡಮ್ಮಾರ. ಅಲ್ಲೆ ಗಂಡಸರು ಐದಾರ್ ಮಂದಿ ಇರ್ತಾರ. ನನಗ ಅಂದವ್ರು ಪಾಳ್ಯಾಗ ನಿಂತವ್ರು. ಅವ್ರ ಮುಂದ ಹೇಳ್ರಿ."

ಆ ರಾತ್ರಿ ವೈನಿ ನಮ್ಮ ಮನೆಯಲ್ಲೇ ಉಳಿದರು, ಮರುದಿನ ಮೊದಲ ಬಸ್ಸಿಗೆ ಇಬ್ಬರೂ ತುಕ್ಕಾನಟ್ಟಿಯಲ್ಲಿ ಇಳಿದೆವು. ಸೆಕ್ರೆಟರಿಯನ್ನೂ ಕರೆಸಿದ್ದೆವು. ಪಾಳಿ ಆಗಲೇ ಮೆಟ್ಟಿಲು ದಾಟಿ ರಸ್ತೆಯವರೆಗೆ ಬಂದಿತ್ತು. ಹೋದ ಸಲದ ನೆನಪಿಗೆ ಕೆಲವರು ಕಿಟ್ಲಿ ಕೆಳಗೇ ಇಟ್ಟಿರಲಿಲ್ಲ. ಅಕ್ಕನವರು ಆ್ಯಪ್ ತೆರೆದರು. ತೆರೆದುಕೊಂಡಿತು, ಮುಚ್ಚಲಿಲ್ಲ. ಅವರು ನನ್ನ ಕಡೆ ನೋಡಿದರು.

ಗೋಕಾಕ ಫಾಲ್ಸಿನ ನಮ್ಮ ಶಾಲೆಯಲ್ಲಿ ಭಾಷಣಕ್ಕೆ ಹೆಸರು ಕರೆದರೆ ನಾನು ಬೆಂಚಿನ ಕೆಳಗೆ ಕೂರುತ್ತಿದ್ದೆ. ಆ ದಿನ ತಕ್ಕಡಿಯ ಪಕ್ಕ ನಿಂತು, ನಾನು ಈ ಆ್ಯಪ್ ಮಾಡಿದವಳು ಎಂದೆ. ಇಷ್ಟು ಸಲ ನಿಮ್ಮ ಹಾಲು ತಿರುಗಿ ಹೋದದ್ದು ನಮ್ಮ ತಪ್ಪಿನಿಂದ, ಅಕ್ಕನವರ ಕೈಯಿಂದ ಅಲ್ಲ, ಅವರು ಮಾಡಿದ್ದೆಲ್ಲ ಸರಿ ಇತ್ತು ಎಂದೆ. ಸೆಕ್ರೆಟರಿ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದರು. ಮುಂದೆ ಏನೇನೋ ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದೆ, ಒಂದೂ ಬರಲಿಲ್ಲ.

ಪಾಳಿಯ ಮೊದಲಿಗೆ ನಿಂತಿದ್ದ ಮುದುಕಿ ನನ್ನನ್ನು ಒಮ್ಮೆ, ಅಕ್ಕನವರನ್ನು ಒಮ್ಮೆ ನೋಡಿದಳು. ಕೆಟ್ಟದಾಗಿ ಅಂದವರಲ್ಲಿ ಆಕೆಯೂ ಒಬ್ಬಳೆಂದು ಆಮೇಲೆ ತಿಳಿಯಿತು. ಎರಡೂ ಕೈಯಿಂದ ಕಿಟ್ಲಿ ಎತ್ತಿ ಅಕ್ಕನವರ ಮುಂದಿಟ್ಟಳು.

"ಹಂಗಾದ್ರ ಹಾಲ ಅಳಿ ಯವ್ವಾ ಇನ್ನ. ಹೊತ್ತಾತು."

ಅಕ್ಕನವರು ಹಾಲು ಅಳೆದರು. ಚೀಟಿ ಬಂತು. ಮುಂದಿನವರ ಹೆಸರನ್ನು ಅವರು ಮೊದಲಿಗಿಂತ ಜೋರಾಗಿ ಕರೆದರು.